ಹೀರಾಬಾ ಅವರ ನೀರಿಗೆ ನಾನು ಕಾವಲಿದ್ದದ್ದು

ನೀರು ಸೋಸುವುದಕ್ಕೆ ವಿದ್ಯೆ ಬೇಕಾಗಿಲ್ಲ, ಒಂದು ಬಟ್ಟೆ ಸಾಕು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಮಂಗಳೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿ, ಪ್ರಕೃತಿಪಾಠದಲ್ಲಿ ಮೊದಲ ಬಹುಮಾನವಾಗಿ ಒಂದು ಭೂತಗನ್ನಡಿಯನ್ನೂ ಗೆದ್ದುಕೊಂಡವಳಿಗೆ ಒಂದು ಕೊಡ ನೀರು ಸೋಸಲು ಬರುವುದಿಲ್ಲವೆಂದರೆ ಯಾರಾದರೂ ನಂಬುತ್ತಾರೆಯೇ? ಹೀರಾಬಾ ಕೂಡ ನಂಬಿರಲಿಲ್ಲ. ಹಾಗಾಗಿಯೇ ತಮ್ಮ ಒಂದು ವರ್ಷದ ಕುಡಿಯುವ ನೀರನ್ನು ಹನ್ನೆರಡು ದಿನದ ಮಟ್ಟಿಗೆ ನನ್ನ ವಶಕ್ಕೆ ಒಪ್ಪಿಸಿ ಪಾಲಿತಾಣಾದ ಜೈನ ಬೆಟ್ಟದ ಯಾತ್ರೆಗೆ ಹೊರಟುಬಿಟ್ಟರು. ಪಾಪ.

ಹೀರಾಬಾ ನಮ್ಮ ಮನೆಯ ಒಡತಿ. ನಮ್ಮವರಿಗೆ ರೈಲ್ವೆ ಕಚೇರಿಯಲ್ಲಿ ಕೆಲಸ; ಅಹಮದಾಬಾದಿಗೆ ವರ್ಗವಾಗಿ ಬಂದಾಗ ಗುಜರಾತು ಬೇರೆ ರಾಜ್ಯವಾಗಿ ನಾಲ್ಕೈದು ವರ್ಷವಾಗಿತ್ತಷ್ಟೆ. ಹಳೆಯ ಊರಿನ ಒಂದು ಪೋಳದಲ್ಲಿ, ಅಂದರೆ ಎದುರುಬದುರು ಮನೆಗಳು ಹಣೆಗೆ ಹಣೆ ತಾಗಿಸಿ ನಿಂತಂತಿರುವ ಓಣಿಯಲ್ಲಿ, ಮಹಡಿಯ ಮೇಲೆ ನಾವು, ಕೆಳಗೆ ಅವರು. ಎಪ್ಪತ್ತರ ಹತ್ತಿರದ ಜೈನ ವಿಧವೆ. ಮನೆ ಕೊಡುವಾಗ ಕೇಳಿದ್ದು ಎರಡೇ ಪ್ರಶ್ನೆ. ಮಾಂಸ ಮೀನು ತಿನ್ನುತ್ತೀರಾ? ಖಂಡಿತಾ ಇಲ್ಲ ಎಂದೆವು. ಈರುಳ್ಳಿ? ನಾನು ನಮ್ಮವರ ಮುಖ ನೋಡಿದೆ. ನಮ್ಮವರು ಸೂರು ನೋಡಿದರು. ವಾಸನೆ ಕೆಳಗಿಳಿಯದಿದ್ದರೆ ಸಾಕು ಎಂದು ನಕ್ಕು ಬೀಗದಕೈ ಕೊಟ್ಟರು.

ಆ ಮನೆಯ ಅಂಗಳದಲ್ಲಿ ಎರಡು ನೀರಿತ್ತು. ಕಲ್ಲುಹಾಸಿನ ಕೆಳಗೆ ಒಂದು ಕೋಣೆಯಷ್ಟು ದೊಡ್ಡ ಟಾಂಕಾ. ಮಳೆಗಾಲಕ್ಕೆ ಮೊದಲು ಮಾಳಿಗೆ ತೊಳೆದು, ಮೊದಲ ಮಳೆಯನ್ನು ಬೀದಿಗೆ ಹರಿಯಬಿಟ್ಟು, ಆಮೇಲಿನ ಮಳೆಯನ್ನು ತಾಮ್ರದ ಕೊಳವೆಯಿಂದ ಅದರೊಳಗೆ ಇಳಿಸುತ್ತಾರೆ. ಆ ನೀರು ಮುಂದಿನ ಮಳೆಯವರೆಗೆ ಬರಬೇಕು. ಅದರ ಬಾಯಿಗೆ ಭಾರವಾದ ಹಿತ್ತಾಳೆಯ ಮುಚ್ಚಳ. ಇನ್ನೊಂದು, ಮೂಲೆಯ ಬಾವಿ. ಅದರ ನೀರು ಸವಳು, ತೊಳೆಯಲು ಬಳಿಯಲು ಮಾತ್ರ. ನಲ್ಲಿಯೂ ಇತ್ತು. ಆದರೆ ನಲ್ಲಿಯ ಹೊಟ್ಟೆಯಲ್ಲಿ ಚರ್ಮದ ಬಿಲ್ಲೆ ಇರುತ್ತದೆಂದು ತಿಳಿದ ದಿನದಿಂದ ಹೀರಾಬಾ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಅವರ ಬಾಯಿಗೆ ಟಾಂಕಾದ ನೀರು ಬಿಟ್ಟು ಬೇರೆ ನೀರಿಲ್ಲ.

ಹೊರಡುವ ಹಿಂದಿನ ದಿನ ನನ್ನನ್ನು ಅಂಗಳದಲ್ಲಿ ಕೂರಿಸಿಕೊಂಡು ಪಾಠ ಮಾಡಿದರು. ನೀರು ಸೇದಬೇಕು, ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಬೇಕು. ಅಲ್ಲಿಗೆ ಮುಗಿಯಿತಲ್ಲ ಎಂದು ಏಳಹೊರಟರೆ, ಕೂತುಕೋ, ಮುಖ್ಯವಾದದ್ದು ಈಗ ಶುರು ಎಂದರು. ಬಟ್ಟೆಯ ಮೇಲೆ ಕಣ್ಣಿಗೆ ಕಾಣುವ, ಕಾಣದ ಜೀವಗಳು ಉಳಿದಿರುತ್ತವೆ. ಅದಕ್ಕೆ ಸಂಖಾರೋ ಎನ್ನುತ್ತಾರೆ. ಬಟ್ಟೆಯನ್ನು ಮಗುಚಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಮೆಲ್ಲಗೆ ಹೊಯ್ದು, ಆ ಜೀವಗಳನ್ನು ಒಂದು ಪುಟ್ಟ ಬಿಂದಿಗೆಗೆ ಇಳಿಸಬೇಕು. ಬಿಂದಿಗೆಯ ತಳದಲ್ಲೂ ಒಂದು ಕೊಂಡಿ, ಅದಕ್ಕೊಂದು ದಾರ. ಬಿಂದಿಗೆಯನ್ನು ನೀರು ಸೇದಿದಲ್ಲಿಗೇ ಇಳಿಬಿಟ್ಟು, ನೀರಿನ ಮಟ್ಟ ಮುಟ್ಟಿದ ಮೇಲೆ ಆ ದಾರ ಎಳೆದರೆ ಅದು ತಾನಾಗಿ ಬಾಗುತ್ತದೆ. ಮೇಲಿನಿಂದ ಸುರಿಯಕೂಡದು, ಬಿದ್ದರೆ ಅವಕ್ಕೆ ನೋವಾಗುತ್ತದೆ. ಟಾಂಕಾದ ಬಟ್ಟೆ ಬಿಳಿ, ಬಾವಿಯ ಬಟ್ಟೆಗೆ ಕೆಂಪು ಅಂಚು. ಒಂದಕ್ಕೊಂದು ಬೆರೆಸಕೂಡದು.

"ಯಾವ ನೀರಿನ ಜೀವ ಆ ನೀರಿಗೇ ಹೋಗಬೇಕು ಬೇಟಾ," ಎಂದರು. "ಸವಳಿನದ್ದು ಸಿಹಿಯಲ್ಲಿ ಬದುಕದು, ಸಿಹಿಯದ್ದು ಸವಳಿನಲ್ಲಿ ಬದುಕದು. ಇಷ್ಟು ನೆನಪಿಟ್ಟರೆ ಸಾಕು."

ನಾನು ನೆನಪಿಟ್ಟೆ. ಸೆರಗಿನ ಮರೆಯಲ್ಲಿ ಸ್ವಲ್ಪ ನಕ್ಕೆ ಕೂಡ.

ಮೊದಲ ನಾಲ್ಕು ದಿನ ನನ್ನ ಆಡಳಿತ ಅತ್ಯಂತ ಸುಗಮವಾಗಿ ನಡೆಯಿತು. ಮಧ್ಯಾಹ್ನ ಸೂರ್ಯ ಅಂಗಳಕ್ಕಿಳಿದಾಗ ಕನ್ನಡಿ ಹಿಡಿದು ಬೆಳಕನ್ನು ಟಾಂಕಾದೊಳಗೆ ಬಿಟ್ಟು ನೀರು ಹೇಗಿದೆಯೆಂದು ನೋಡಬೇಕೆಂದೂ ಹೇಳಿದ್ದರು. ಅದು ನನಗೆ ಹಿಡಿಸಿಬಿಟ್ಟಿತು. ಗಾರೆಯ ತಣ್ಣನೆ ವಾಸನೆ, ಕತ್ತಲಲ್ಲಿ ನಡುಗುವ ಬೆಳಕಿನ ಒಂದು ತುಂಡು, ಗೋಡೆಯ ಮೇಲೆ ನೀರಿನ ನೆರಳು. ಮುಚ್ಚಳ ಮಾತ್ರ ಬಹಳ ಭಾರ. ಪೂರ್ತಿ ಮುಚ್ಚಿದರೆ ಮತ್ತೆ ತೆಗೆಯುವುದು ಕಷ್ಟವೆಂದು ಎರಡು ಬೆರಳಿನಷ್ಟು ಸಂದು ಬಿಡತೊಡಗಿದೆ. ಶುದ್ಧವಾದ ಗಾಳಿಯೇ ಆರೋಗ್ಯದ ಮೂಲವೆಂದು ಸಿಸ್ಟರ್ ಆರೋಗ್ಯಪಾಠದಲ್ಲಿ ಹೇಳಿರಲಿಲ್ಲವೇ? ನೀರಿಗೂ ಸ್ವಲ್ಪ ಗಾಳಿ ಬೇಡವೇ?

ಗಾಳಿಯ ಜೊತೆಗೆ ಸೊಳ್ಳೆಯೂ ಹೋಗುತ್ತದೆಂದು ಸಿಸ್ಟರ್ ಹೇಳಿದ್ದರೋ ಏನೋ. ಆ ದಿನ ನಾನು ಕ್ಲಾಸಿಗೆ ಹೋಗಿರಲಿಕ್ಕಿಲ್ಲ.

ಐದನೆಯ ದಿನ ಬಿಳಿ ಬಟ್ಟೆಯ ಮೇಲೆ ಏನೋ ಮಿಸುಕಿತು. ಭೂತಗನ್ನಡಿ ತಂದು ಹಿಡಿದೆ. ಅಲ್ಪವಿರಾಮದಂಥ ಸಣ್ಣ ಸಣ್ಣ ಹುಳುಗಳು ಮೈ ಬಗ್ಗಿಸಿ ನೆಟ್ಟಗಾಗಿಸಿ ಕುಣಿಯುತ್ತಿದ್ದವು. ಸೊಳ್ಳೆಮರಿ. ಬಹುಮಾನದ ಭೂತಗನ್ನಡಿ ಇಷ್ಟು ವರ್ಷಗಳ ನಂತರ ಉಪಯೋಗಕ್ಕೆ ಬಂದದ್ದು ನನ್ನ ತಪ್ಪನ್ನು ಹತ್ತು ಪಾಲು ದೊಡ್ಡದು ಮಾಡಿ ತೋರಿಸುವುದಕ್ಕೆ.

ಅವನ್ನೂ ವಿಧಿವತ್ತಾಗಿ, ಮೆಲ್ಲಗೆ, ದಾರ ಎಳೆದು ಟಾಂಕಾಕ್ಕೇ ವಾಪಸು ಬಿಟ್ಟೆ. ಬೇರೇನು ಮಾಡಲಿ? ಕೊಲ್ಲುವಂತಿಲ್ಲ. ಹೀರಾಬಾ ಬರುವಷ್ಟರಲ್ಲಿ ಒಂದು ವರ್ಷದ ನೀರು ಸೊಳ್ಳೆಯ ತೊಟ್ಟಿಲಾಗಿರುತ್ತದೆ. ಹೀಗೆ ಚಿಂತಿಸುತ್ತಿರುವಾಗ ನನಗೆ ಅಜ್ಜಿಮನೆಯ ಬಾವಿ ನೆನಪಾಯಿತು. ನಮ್ಮ ಕಡೆ ಬಾವಿಗೆ ಮೀನು ಬಿಡುತ್ತಾರೆ. ಬಾವಿಗೆ ಮೀನೇ ಕಾವಲು. ಹುಳ ಹುಪ್ಪಟೆ ತಿಂದು ನೀರನ್ನು ತಿಳಿಯಾಗಿಡುತ್ತದೆ. ಮೀನಿನ ಹೆಸರೆತ್ತಿದರೆ ಬಾಯಿ ತೊಳೆದುಕೊಳ್ಳುತ್ತಿದ್ದ ಮಡಿಯ ಅಜ್ಜಿಯೇ ಬಾವಿಯ ಮೀನಿಗೆ ದಿನಾ ನಾಲ್ಕು ಅಗುಳು ಅನ್ನ ಹಾಕುತ್ತಿದ್ದರು. ನಾನು ಕೊಲ್ಲುವುದಿಲ್ಲ, ಮೀನು ತಿನ್ನುತ್ತದೆ, ನೀರು ಉಳಿಯುತ್ತದೆ. ಎಷ್ಟು ಸರಳ!

ನಮ್ಮವರು ಮಾರನೆಯ ದಿನ ಸುರತ್ತಿಗೆ ಎರಡು ದಿನದ ಟೂರ್ ಹೊರಟಿದ್ದರು. ನನ್ನ ಬೇಡಿಕೆ ಮುಂದಿಟ್ಟೆ.

"ಸುರತ್ತಿನಿಂದ ಜರಿ ಸೀರೆ ತನ್ನಿ ಅನ್ನೋ ಹೆಂಡತೀರನ್ನ ನೋಡಿದೀನಿ ಕಣೇ," ಎಂದರು.

"ನನಗೆ ಮೀನು ಸಾಕು ಮಾರಾಯ್ರೆ. ಜೀವಂತ ಇರಬೇಕು. ಬೆರಳಿನಷ್ಟು ಉದ್ದ. ನದಿ ನೀರಿನದ್ದು."

"ನಾನು? ಮೀನು? ರೈಲಲ್ಲಿ?"

ಆದರೂ ತಂದರು. ಹಾಲಿನ ಕ್ಯಾನಿನಲ್ಲಿ ಐದು, ಬೆಳ್ಳಗೆ ಮಿನುಗುವ ಮೈ, ಬಾಲದ ಬುಡದಲ್ಲಿ ಒಂದೊಂದು ಕಪ್ಪು ಚುಕ್ಕೆ. ಕಚೇರಿ ಮುಗಿದ ಮೇಲೆ ಸಹೋದ್ಯೋಗಿಯೊಬ್ಬರು ಇವರನ್ನು ಊರಾಚೆ ತಾಪಿ ನದಿ ತೋರಿಸಲು ಕರೆದೊಯ್ದರಂತೆ. ಅಲ್ಲಿ ಬಲೆ ಕೊಡವುತ್ತಿದ್ದ ಹೆಂಗಸಿನ ಮುಂದೆ ನಮ್ಮವರು ಕ್ಯಾನು ಹಿಡಿದು ನಿಂತು, ಬೇಯಿಸಲು ಅಲ್ಲ, ಸಾಕಲು ಎಂದು ಮೂರು ಸಲ ಹೇಳಿದರಂತೆ. ಅವಳು ಮೂರು ಸಲವೂ ನಕ್ಕಳಂತೆ.

ರೈಲಿನಲ್ಲಿ ಇನ್ನೊಂದು ಫಜೀತಿ. ಮಡಿಲಲ್ಲಿ ಕ್ಯಾನು ಇಟ್ಟುಕೊಂಡು ಅಲುಗಾಡದೆ ಕುಳಿತಿದ್ದ ಇವರನ್ನು ನೋಡಿ ಎದುರಿನ ಸೀಟಿನ ಅಜ್ಜಿ ಒಳಗೇನಿದೆ ಎಂದು ಕೇಳಿದರು. ಮೀನು ಎನ್ನಲು ಧೈರ್ಯ ಬಾರದೆ ನಮ್ಮವರು ತಾಪಿ ಜಲ ಎಂದುಬಿಟ್ಟರು. ಅದು ಸುಳ್ಳೂ ಅಲ್ಲ. ತಕ್ಷಣ ಇಡೀ ಬೋಗಿ ಕೈಯೊಡ್ಡಿತು. ತಾಪಿ ಸೂರ್ಯನ ಮಗಳಲ್ಲವೇ! ಇವರು ಮುಚ್ಚಳ ಓರೆ ಮಾಡಿ, ಮೀನು ಕಾಣದ ಹಾಗೆ, ಭರೂಚದಿಂದ ವಡೋದರೆಯವರೆಗೆ ತೀರ್ಥ ಹಂಚಿದರು. ಅಜ್ಜಿ ಕಣ್ಣಿಗೊತ್ತಿಕೊಂಡು ಕುಡಿದು, ತಾಪಿ ಮಾತೆ ಈ ವರ್ಷ ಉಪ್ಪಾಗಿದ್ದಾಳಲ್ಲ ಎಂದು ಹುಬ್ಬು ಗಂಟಿಕ್ಕಿದರಂತೆ.

ನಾವಿಬ್ಬರೂ ಈ ಮಾತಿಗೆ ಹೊಟ್ಟೆ ತುಂಬ ನಕ್ಕೆವು. ನಕ್ಕು, ಆ ಐದು ಮೀನನ್ನು ಹೀರಾಬಾ ಅವರ ಬಿಂದಿಗೆಯಲ್ಲೇ ಇಳಿಸಿ, ಮೆಲ್ಲಗೆ ದಾರ ಎಳೆದು, ಟಾಂಕಾದ ಸಿಹಿನೀರಿಗೆ ಬಿಟ್ಟೆವು.

ಮಾರನೆಯ ದಿನ ಭಾನುವಾರ. ಮಧ್ಯಾಹ್ನ ಕನ್ನಡಿ ಹಿಡಿದು ನೋಡಿದರೆ ಕಾವಲುಗಾರರು ಸೊಳ್ಳೆಮರಿ ಬೇಟೆಯಾಡುತ್ತಿರಲಿಲ್ಲ. ನೀರಿನ ಮೇಲ್ಗಡೆ ಓರೆಯಾಗಿ ತೇಲುತ್ತಾ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಒಂದು ಮಗುಚಿಯೇ ಬಿದ್ದು, ನೆನಪಾದಂತೆ ಮತ್ತೆ ಎದ್ದು ನಿಲ್ಲುತ್ತಿತ್ತು. ನನಗೆ ರೈಲಿನ ಅಜ್ಜಿಯ ಹುಬ್ಬು ನೆನಪಾಯಿತು. ಕ್ಯಾನಿನ ತಳದಲ್ಲಿ ಉಳಿದಿದ್ದ ನೀರಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿದೆ. ಉಪ್ಪು.

"ನೀವು ಇದನ್ನು ಎಲ್ಲಿಂದ ತಂದಿರಿ?"

"ತಾಪಿಯಿಂದ ಕಣೇ. ಅಲ್ಲೇ ಮುಂದೆ ಸಮುದ್ರ ಕಾಣ್ತಿತ್ತು, ತುಂಬ ಚೆನ್ನಾಗಿತ್ತು."

ನಮ್ಮವರು ತುಮಕೂರು ಕಡೆಯವರು. ಅವರಿಗೆ ನೀರೆಂದರೆ ಕೆರೆ, ಕೆರೆಯೆಂದರೆ ಸಿಹಿ. ಅವರದೇನೂ ತಪ್ಪಿಲ್ಲ. ಆದರೆ ನಾನು? ನೇತ್ರಾವತಿ ಸಮುದ್ರ ಸೇರುವ ಅಳಿವೆಯ ಪಕ್ಕದಲ್ಲೇ ಹುಟ್ಟಿ ಬೆಳೆದವಳು. ಬೇಸಗೆಯಲ್ಲಿ ಭರತದ ಉಪ್ಪುನೀರು ಹೊಳೆ ಹತ್ತಿ ಮೇಲೆ ಬಂದು, ದಡದ ಬಾವಿಗಳೆಲ್ಲ ಸವಳಾಗುವುದನ್ನು ವರ್ಷವರ್ಷವೂ ಕಂಡವಳು. ಸಿಹಿನೀರಿನ ಮೀನಿನ ಮೈಯ ಕಟ್ಟೇ ಬೇರೆ, ಉಪ್ಪುನೀರಿನ ಮೀನಿನದ್ದೇ ಬೇರೆ, ಒಂದನ್ನೊಂದರಲ್ಲಿ ಬಿಟ್ಟರೆ ಮೈಯೊಳಗಿನ ಉಪ್ಪಿನ ಲೆಕ್ಕವೇ ತಪ್ಪಿಹೋಗುತ್ತದೆ ಎಂದು ಸಿಸ್ಟರ್ ಬಣ್ಣದ ಪಟ ಹಾಕಿ ತೋರಿಸಿದ್ದರು. ಆ ಪ್ರಶ್ನೆಗೆ ನನಗೆ ಪೂರ್ತಿ ಅಂಕ ಬಂದಿತ್ತು. ಹೀರಾಬಾ ಯಾವ ಶಾಲೆಗೂ ಹೋದವರಲ್ಲ. ಅದೇ ಮಾತನ್ನು ಎರಡು ಬಟ್ಟೆ, ಒಂದು ಬಿಂದಿಗೆಯಲ್ಲಿ ಹೇಳಿಕೊಟ್ಟಿದ್ದರು. ಅದಕ್ಕೆ ನಾನು ಸೆರಗಿನ ಮರೆಯಲ್ಲಿ ನಕ್ಕಿದ್ದೆ.

ಈಗ ನಗುವ ಹೊತ್ತಲ್ಲ. ಇವುಗಳಲ್ಲಿ ಒಂದು ಆ ನೀರಿನಲ್ಲಿ ಸತ್ತರೂ ಸಾಕು, ಹೀರಾಬಾ ಅದರ ಒಂದು ತೊಟ್ಟೂ ಮುಟ್ಟುವುದಿಲ್ಲ. ಮುಂದಿನ ಮಳೆಗೆ ಏಳು ತಿಂಗಳಿತ್ತು.

ನಮ್ಮವರು ಕನ್ನಡಿ ಹಿಡಿದು ಬೆಳಕಿನ ತುಂಡನ್ನು ನೀರಿನ ಮೇಲೆ ನಿಲ್ಲಿಸಿದರು. ನಾನು ಕಲ್ಲುಹಾಸಿನ ಮೇಲೆ ಬೋರಲಾಗಿ ಮಲಗಿ, ತಲೆಯನ್ನು ಟಾಂಕಾದೊಳಗೆ ತೂರಿಸಿ, ಬಿಂದಿಗೆ ಇಳಿಬಿಟ್ಟೆ. ಬಳಲಿದ ಮೀನುಗಳು ಬೆಳಕಿನ ಹತ್ತಿರ ಬಂದು ಬಂದು ನಿಲ್ಲುತ್ತಿದ್ದವು. ಒಂದು. ಎರಡು. ಮೂರು. ನಾಲ್ಕನೆಯದನ್ನು ಎತ್ತಿ ಬಕೆಟ್ಟಿಗೆ ಹಾಕಿ ಬಟ್ಟೆ ಮುಚ್ಚಿದ್ದೆನಷ್ಟೆ, ಎದುರುಮನೆಯ ಚಂಪಾಬೆನ್ ಬಾಗಿಲಲ್ಲಿ ನಿಂತಿದ್ದರು.

ಚಂಪಾಬೆನ್ ಪೋಳದ ಎಲ್ಲರ ಕಷ್ಟದಲ್ಲೂ ಮೊದಲು ಬರುವವರು, ಕಷ್ಟವಿಲ್ಲದಿದ್ದರೂ ಬರುವವರು. ಏನು ಹುಡುಕುತ್ತಿದ್ದೀರಿ ಎಂದರು. ಉಂಗುರ ಎಂದೆ. ಬಾಯಿಗೆ ಅದೇ ಬಂತು. ಅಯ್ಯೋ ಎಂದು ಎದೆ ಮುಟ್ಟಿಕೊಂಡು, ಮನೆಗೋಡಿ, ತಮ್ಮದೊಂದು ಕನ್ನಡಿ ತಂದು ನಮ್ಮವರ ಪಕ್ಕದಲ್ಲಿ ನಿಂತರು. ಉಂಗುರ ಸಿಕ್ಕರೆ ಪೋಳಕ್ಕೆಲ್ಲ ಬತ್ತಾಸು ಹಂಚುತ್ತೇನೆಂದು ಹರಕೆಯನ್ನೂ ಹೊತ್ತರು. ಈಗ ಟಾಂಕಾದಲ್ಲಿ ಎರಡು ಸೂರ್ಯ. ಐದನೆಯ ಮೀನು ಯಾವುದಕ್ಕೆ ಹೋಗಲೆಂದು ತಿಳಿಯದೆ ಕತ್ತಲಿಗೆ ಹೋಯಿತು. ಏನೋ ಅಲುಗಿತಲ್ಲ ಎಂದರು ಚಂಪಾಬೆನ್. ನಿಮ್ಮ ಕನ್ನಡಿಯ ನೆರಳು ಎಂದೆ. ಅವರನ್ನು ಸಾಗಹಾಕಲು ಬೇರೆ ದಾರಿ ಕಾಣದೆ, ಮೇಲೆತ್ತಿದ ಬಿಂದಿಗೆಯಲ್ಲಿ ಹುಡುಕುವ ನೆಪದಲ್ಲಿ ಎಡಗೈಯ ಉಂಗುರ ಗುಟ್ಟಾಗಿ ಜಾರಿಸಿ, ಸಿಕ್ಕಿತು ಎಂದು ಎತ್ತಿ ತೋರಿಸಿದೆ. ಸಂಜೆ ಕಳೆಯದೇ ಇದ್ದ ಉಂಗುರದ ಬತ್ತಾಸನ್ನು ಪೋಳವೆಲ್ಲ ತಿಂದಿತು. ನಮಗೆ ಎರಡು ಹೆಚ್ಚು ಕೊಟ್ಟರು.

ಸೆರೆಸಿಕ್ಕ ನಾಲ್ಕನ್ನು ಮಹಡಿಗೆ ಒಯ್ದು, ಸ್ನಾನದ ಹಂಡೆಗೆ ಬಾವಿಯ ಸವಳುನೀರು ತುಂಬಿ, ಅಡಿಗೆ ಉಪ್ಪು ಹಾಕಿ ಕದಡಿ, ಸಾರಿನ ಹದ ನೋಡುವಂತೆ ನಾಲಿಗೆಗೆ ಹಚ್ಚಿ ಹಚ್ಚಿ ನೋಡಿ, ಕ್ಯಾನಿನ ನೀರಿನ ರುಚಿಗೆ ತಂದೆ. ನನ್ನ ಜೀವಮಾನದಲ್ಲಿ ಒಗ್ಗರಣೆಯಿಲ್ಲದೆ ಮಾಡಿದ ಅಡಿಗೆ ಅದೊಂದೇ. ಸಂಜೆಯ ಹೊತ್ತಿಗೆ ನಾಲ್ಕೂ ನೆಟ್ಟಗೆ ನಿಂತು ಬಾಲ ಬೀಸುತ್ತಿದ್ದವು. ಮೀನು ತಿನ್ನುವುದಿಲ್ಲವೆಂದು ಮಾತು ಕೊಟ್ಟು ಹಿಡಿದ ಮನೆಯಲ್ಲಿ ನಾಲ್ಕು ಮೀನು ಬಾಡಿಗೆಗಿದ್ದವು.

ಐದನೆಯದರ ಸುಳಿವಿಲ್ಲ. ಸೋಮವಾರ, ಮಂಗಳವಾರ, ಬುಧವಾರ ಬಿಸಿಲು ಬಂದಾಗಲೆಲ್ಲ ಬೋರಲಾಗಿ ಮಲಗಿ ನೋಡಿದೆ. ಸೇದಿದ ಪ್ರತಿ ಕೊಡದೊಳಗೂ ಇಣುಕಿದೆ. ಬದುಕಿದೆಯೋ ಇಲ್ಲವೋ ಎಂಬುದು ತಿಳಿಯದ ಆ ಮೂರು ದಿನ ನಾನು ಟಾಂಕಾದ ನೀರು ಕುಡಿಯಲಾರದೆ ಚರ್ಮದ ಬಿಲ್ಲೆಯ ನಲ್ಲಿಗೆ ಶರಣಾದೆ.

ಗುರುವಾರ ಹೀರಾಬಾ ಬಂದರು. ಬಿಸಿಲಿಗೆ ಕಪ್ಪಾಗಿ, ಉಪವಾಸಗಳಿಂದ ಇನ್ನೂ ಸಣ್ಣಗಾಗಿ, ಮುಖದಲ್ಲಿ ಬೆಟ್ಟ ಹತ್ತಿ ಇಳಿದ ಶಾಂತಿ. ನಾನು ನೀರು ಸೇದಿ ಕೊಡುತ್ತೇನೆಂದರೆ, ಹನ್ನೆರಡು ದಿನ ಮಾಡಿದ್ದೀಯಲ್ಲ, ಸಾಕು ಎಂದು ತಾವೇ ಕುಳಿತರು. ಮುಚ್ಚಳ ಸರಿಸಿದರು. ಬಿಂದಿಗೆ ಇಳಿಯಿತು, ಏರಿತು. ಬಿಳಿ ಬಟ್ಟೆಯ ಮೇಲೆ ನೀರು ಹೊಯ್ದರು.

ಬಟ್ಟೆಯ ನಡುವೆ ಬೆಳ್ಳಗೆ ಒಂದು ಮೀನು ಪಟಪಟನೆ ಹೊರಳಿತು.

ಹೀರಾಬಾ ಕೂಗಲಿಲ್ಲ. ಇದನ್ನು ಯಾರು ಹಾಕಿದ್ದು ಎಂದೂ ಕೇಳಲಿಲ್ಲ. ಬಟ್ಟೆಯ ನಾಲ್ಕು ಮೂಲೆ ಸೇರಿಸಿ ಮೀನನ್ನು ಬಿಂದಿಗೆಯ ನೀರಿಗೆ ಜಾರಿಸಿ, ನನ್ನ ಕಡೆ ನೋಡಿದರು.

"ಇದು ಯಾವ ನೀರಿನದು?"

ಹೇಳಿದೆ. ಹಿಂದಿ, ಗುಜರಾತಿ, ಇಂಗ್ಲಿಷು, ಅಳು ಎಲ್ಲ ಬೆರೆಸಿ ಹೇಳಿದೆ. ಮುಚ್ಚಳದ ಸಂದು, ಸೊಳ್ಳೆಮರಿ, ಸುರತ್ತು, ಉಂಗುರ, ಮಹಡಿಯ ಹಂಡೆ. ಹೀರಾಬಾ ಅದುವರೆಗೂ ಹತ್ತದ ನಮ್ಮ ಮೆಟ್ಟಿಲು ಹತ್ತಿ ಬಂದು, ಐದನೆಯದನ್ನೂ ಹಂಡೆಗೆ ಸೇರಿಸಿ, ತುಂಬ ಹೊತ್ತು ಬಗ್ಗಿ ನೋಡಿದರು.

"ಉಪ್ಪು ಎಷ್ಟೆಂದು ಹೇಗೆ ತಿಳಿಯಿತು?"

"ರುಚಿ ನೋಡಿದೆ."

ಅವರ ತುಟಿಯ ಕೊನೆ ಅಲುಗಿತು. ಮತ್ತೆ ಗಂಭೀರವಾದರು. "ಇವನ್ನು ಇವುಗಳ ನೀರಿಗೆ ಬಿಟ್ಟು ಬಾ ಬೇಟಾ. ಅವು ಮನೆ ಸೇರುವವರೆಗೆ ನನಗೆ ಈ ಟಾಂಕಾದ ನೀರು ಬೇಡ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಲೋಟ ಹಿಡಿದುಕೊಂಡು, ಬೆನ್ನು ಬಗ್ಗಿಸಿ, ಓಣಿ ದಾಟಿ ಚಂಪಾಬೆನ್ ಮನೆಯ ಟಾಂಕಾದ ನೀರಿಗೆ ಹೋಗುತ್ತಿದ್ದ ಅವರನ್ನು ನಾನು ಕಿಟಕಿಯಿಂದ ನೋಡಿದೆ. ಹನ್ನೆರಡು ದಿನ ದಾಹ ಹೊತ್ತು ಬಂದದ್ದು ತಮ್ಮ ಮಾಳಿಗೆಯ ಮಳೆಗಾಗಿ.

ಮಾರನೆಯ ಬೆಳಗಿನ ಗಾಡಿಗೆ ನಮ್ಮವರು ರಜೆ ಹಾಕಿ ಹೊರಟರು, ಜೊತೆಗೆ ನಾನು. ಮಡಿಲಲ್ಲಿ ಹಂಡೆಯ ನೀರೂ ಮೀನೂ ತುಂಬಿದ ಕ್ಯಾನು, ಚೀಲದಲ್ಲಿ ಹೀರಾಬಾ ಕೊಟ್ಟ ಬಿಂದಿಗೆ. ಯಾರಾದರೂ ಕೇಳಿದರೆ ಈ ಸಲ ಮೀನು ಎಂದೇ ಹೇಳಬೇಕೆಂದು ನಿರ್ಧರಿಸಿದ್ದೆವು. ಯಾರೂ ಕೇಳಲಿಲ್ಲ.

ಸುರತ್ತಿನಿಂದ ಟಾಂಗಾ ಹಿಡಿದು ಅಳಿವೆಗೆ ಹೋದಾಗ ಭರತ ಏರುತ್ತಿತ್ತು. ಕಂದುಬಣ್ಣದ ನದಿ ಇಳಿಯುತ್ತಿದೆ, ಬೂದುಬಣ್ಣದ ಸಮುದ್ರ ಹತ್ತುತ್ತಿದೆ. ನಡುವೆ ನೊರೆಯ ಒಂದು ಗೆರೆ, ಎತ್ತ ಹೋಗಲೆಂದು ತೀರ್ಮಾನಿಸದೆ ಹೊರಳುತ್ತಿದೆ. ಕೆಸರಿನ ತುಂಬ ಬಟನ್ನಿನ ತೂತಿನಂಥ ರಂಧ್ರಗಳು, ಒಂದೊಂದರ ಬಾಯಲ್ಲೂ ಒಂದೊಂದು ಏಡಿ. ಉಳ್ಳಾಲದ ದಡದ ವಾಸನೆಯೇ. ಎಷ್ಟು ವರ್ಷವಾಗಿತ್ತು ಆ ವಾಸನೆ ಮೂಗಿಗೆ ಬಡಿದು! ಇಷ್ಟಕ್ಕೂ ಆ ಮೀನುಗಳು ಸಮುದ್ರದವೂ ಅಲ್ಲ, ನದಿಯವೂ ಅಲ್ಲ. ಎರಡೂ ಸೇರುವ ಈ ಕದಡಿದ ನೀರೇ ಅವುಗಳ ಮನೆ. ಅಂಥದ್ದೊಂದು ಮನೆಯನ್ನು ನಾನು ಹಂಡೆಯಲ್ಲಿ ಕದಡಿ ಕಟ್ಟಲು ಹೊರಟಿದ್ದೆ.

ಸೀರೆ ಎತ್ತಿ ಕಟ್ಟಿ ಮೊಣಕಾಲಿನವರೆಗೆ ಇಳಿದು, ಬಿಂದಿಗೆಯನ್ನು ನೀರಿನ ಮಟ್ಟಕ್ಕಿಟ್ಟು ದಾರ ಎಳೆದೆ. ಐದೂ ಒಂದು ಕ್ಷಣ ನಿಂತು, ಚುಕ್ಕೆಯ ಬಾಲ ಬೀಸಿ, ಕಂದುನೀರಿನಲ್ಲಿ ಇಲ್ಲವಾದವು. ಕ್ಯಾನಿನಲ್ಲಿ ಉಳಿದ ನೀರನ್ನೂ ಬೀಳ್ಕೊಡುಗೆಯಂತೆ ಮೆಲ್ಲಗೆ ಅಲ್ಲೇ ಬಿಟ್ಟೆ. ಮನಸ್ಸು ಹಗುರಾಯಿತು. ಬರುವಾಗ ರೈಲಿನಲ್ಲಿ ನಮ್ಮವರಿಗೆ ಜೀವಸಂಕುಲದ ಬಗ್ಗೆ ಸಣ್ಣದೊಂದು ಉಪನ್ಯಾಸವನ್ನೂ ಕೊಟ್ಟೆ. ಅವರು ವಡೋದರೆಯಲ್ಲಿ ನಿದ್ದೆ ಹೋದರು.

ಮನೆ ಮುಟ್ಟಿದಾಗ ಹೀರಾಬಾ ಟಾಂಕಾದ ಪಕ್ಕದಲ್ಲೇ ಕುಳಿತು ಕಾಯುತ್ತಿದ್ದರು. ಬಿಟ್ಟುಬಂದೆವು, ಐದೂ ಈಜಿಕೊಂಡು ಹೋದವು ಎಂದೆ. ಕಣ್ಣು ಮುಚ್ಚಿ ಕೈ ಮುಗಿದರು. ಆಮೇಲೆ ನೀರು ಸೇದಿದರು, ಸೋಸಿದರು, ಬಟ್ಟೆಯ ಮೇಲಿನ ಸೊಳ್ಳೆಮರಿಗಳನ್ನು ಮೆಲ್ಲಗೆ ಟಾಂಕಾಕ್ಕೇ ಇಳಿಸಿದರು, ಕಾಯಿಸಿ ಆರಿಸಿ ಒಂದು ಲೋಟ ಮೆಲ್ಲಗೆ ಕುಡಿದರು. ಇನ್ನೊಂದು ಲೋಟ ನನ್ನ ಕೈಗಿಟ್ಟರು. ಮಳೆಯ ನೀರಿಗೆ ರುಚಿಯಿಲ್ಲ ಎನ್ನುವವರು ಆ ಲೋಟ ಕುಡಿದಿಲ್ಲ.

ಹೀರಾಬಾ ಕ್ಯಾನನ್ನು ಎತ್ತಿ, ಅಲುಗಿಸಿ, ಒಳಗೆ ಇಣುಕಿದರು.

"ಮೀನಿನ ಜೊತೆ ಇದರಲ್ಲಿ ನಮ್ಮ ಬಾವಿಯ ನೀರಿತ್ತಲ್ಲ ಬೇಟಾ," ಎಂದರು. "ಅದರ ಜೀವಗಳನ್ನು ಎಲ್ಲಿ ಬಿಟ್ಟೆ?"

ಪ್ರಕೃತಿಪಾಠದಲ್ಲಿ ಮೊದಲ ಬಹುಮಾನ ಪಡೆದ ನಾನು, ಅಹಮದಾಬಾದಿನ ಬಾವಿಯ ಸಮಸ್ತ ಜೀವರಾಶಿಯನ್ನು ನನ್ನ ಕೈಯಾರೆ ಒಯ್ದು ಸುರತ್ತಿನ ಅಳಿವೆಗೆ ಬಿಟ್ಟುಬಂದಿದ್ದೆ. ಅದೂ ಬಹಳ ಜಾಗ್ರತೆಯಿಂದ, ಅವಕ್ಕೆ ಪೆಟ್ಟಾಗದ ಹಾಗೆ.

ಹೊಸ್ತಿಲ ಬಳಿ ಬೂಟಿನ ದಾರ ಬಿಚ್ಚುತ್ತಿದ್ದ ನಮ್ಮವರು ನನ್ನ ಮುಖವನ್ನೊಮ್ಮೆ ನೋಡಿ, ಬಿಚ್ಚಿದ ದಾರವನ್ನು ಮತ್ತೆ ಕಟ್ಟಿಕೊಳ್ಳತೊಡಗಿದರು.